ಮಕ್ಕಳ ಕಥೆಯನ್ನು 32 ಪುಟದ ಡಮ್ಮಿಗೆ ಇಳಿಸುವುದು ಹೇಗೆ

ಚಿತ್ರಪುಸ್ತಕಕ್ಕೆಂದು ಬರೆದ ಕಥೆ ಓದಲು ಚೆನ್ನಾಗಿದ್ದರೆ ಸಾಲದು, ಪುಟ ತಿರುಗಿಸುತ್ತಾ ಹೋದಾಗಲೂ ಚೆನ್ನಾಗಿರಬೇಕು. ಅದು ತಿಳಿಯುವುದು ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಕಟ್ಟಿದಾಗಲೇ. ಚಿತ್ರ ಬರೆಯಲು ಬಾರದ ಲೇಖಕರೂ ಇದನ್ನು ಮಾಡಲೇಬೇಕು.

ಎ4 ಅಳತೆಯ 8 ಹಾಳೆಗಳನ್ನು ಅರ್ಧಕ್ಕೆ ಮಡಚಿ, ಒಂದರೊಳಗೊಂದು ಸೇರಿಸಿ, ಮಡಿಕೆಯ ಮೇಲೆ ಎರಡು ಪಿನ್ ಹೊಡೆಯಿರಿ. ಹಾಳೆಗೆ 4ರಂತೆ 32 ಪುಟ ಆಯಿತು. ಮುದ್ರಣದಲ್ಲಿ ದೊಡ್ಡ ಹಾಳೆಯ ಮೇಲೆ ಹಲವು ಪುಟ ಒಟ್ಟಿಗೆ ಅಚ್ಚಾಗಿ ಆಮೇಲೆ ಮಡಚಿ ಕತ್ತರಿಸುವುದರಿಂದ ಪುಟಗಳು ಸಾಮಾನ್ಯವಾಗಿ 8ರ ಅಥವಾ 16ರ ಲೆಕ್ಕದಲ್ಲೇ ಬರುತ್ತವೆ. ಇನ್ನೊಂದೇ ಪುಟ ಬೇಕು ಎಂದರೆ ಸಿಗುವುದಿಲ್ಲ.

ಪುಟಸಂಖ್ಯೆ ಹಾಕಿ. 1ರಲ್ಲಿ ಶೀರ್ಷಿಕೆ, 2-3ರಲ್ಲಿ ಪ್ರಕಾಶನದ ವಿವರ ಮತ್ತು ಅರ್ಪಣೆ. 4ರಿಂದ 31ರವರೆಗೆ ಕಥೆಗೆ 14 ಜೋಡಿಪುಟ (ತೆರೆದಾಗ ಎದುರುಬದುರಾಗಿ ಕಾಣುವ ಎರಡು ಪುಟ) ಉಳಿಯುತ್ತದೆ. ರಟ್ಟಿಗೆ ಅಂಟುವ ಪುಟಗಳನ್ನೂ ಈ 32ರಲ್ಲೇ ಲೆಕ್ಕ ಹಿಡಿಯುವುದಾದರೆ ಒಂದೆರಡು ಜೋಡಿ ಕಡಿಮೆಯಾಗುತ್ತದೆ. ಇದನ್ನು ಪ್ರಕಾಶಕರಲ್ಲಿ ಮೊದಲೇ ಕೇಳಿಕೊಳ್ಳಿ.

ಈಗ ಕಥೆಯನ್ನು ಕತ್ತರಿಸಿ ಪುಟಪುಟಕ್ಕೆ ಅಂಟಿಸಿ. ಗಟ್ಟಿ ಅಂಟು ಬೇಡ, ಟೇಪಿನ ಚೂರು ಸಾಕು. ಚೀಟಿಗಳು ಹತ್ತಾರು ಸಲ ಜಾಗ ಬದಲಿಸುತ್ತವೆ.

ಹೆಚ್ಚಿನ ಡಮ್ಮಿಗಳು ಎಡವುವುದು ಪುಟ ತಿರುವಿನಲ್ಲಿ. "ಮೊಟ್ಟೆ ಅಲ್ಲಾಡಿತು. ಟಕ್ ಎಂದು ಬಿರಿಯಿತು. ಒಳಗಿಂದ..." ಎಂಬುದು ಎಡಪುಟದಲ್ಲಿದ್ದು, ಹೊರಬಂದ ಮರಿ ಎದುರಿನ ಬಲಪುಟದಲ್ಲೇ ಇದ್ದರೆ ಗುಟ್ಟು ಉಳಿಯಲಿಲ್ಲ. ಓದಿ ಹೇಳುವವರು ಮೊದಲ ಸಾಲಿನಲ್ಲಿರುವಾಗಲೇ ಮಗುವಿನ ಕಣ್ಣು ಚಿತ್ರದ ಮೇಲೆ ಹೋಗಿರುತ್ತದೆ. "ಒಳಗಿಂದ..." ಎಂಬುದನ್ನು ಬಲಪುಟದ ಕೊನೆಗೆ ತನ್ನಿ. ಮರಿಯನ್ನು ಮುಂದಿನ ಎಡಪುಟಕ್ಕೆ ತಳ್ಳಿ.

ಆಮೇಲೆ, ಚಿತ್ರ ಹೇಳುವುದನ್ನೆಲ್ಲ ಮಾತಿನಿಂದ ತೆಗೆಯಿರಿ. "ಕೆಂಪು ಲಂಗದ ಹುಡುಗಿ ಹಸಿರು ಬಾಗಿಲ ಮುಂದೆ ನಿಂತಳು" ಎಂಬ ವಾಕ್ಯ ಪೂರ್ತಿ ಚಿತ್ರಕ್ಕೆ ಸೇರಿದ್ದು. "ಮೂರು ಸಲ ತಟ್ಟಿದಳು. ಯಾರೂ ಓಗೊಡಲಿಲ್ಲ" ಎಂಬುದನ್ನು ಚಿತ್ರ ಹೇಳಲಾರದು, ಅದು ಉಳಿಯಲಿ. ಅಮೆರಿಕದ ಲೇಖಕ, ಚಿತ್ರಕಾರ ಮಾರಿಸ್ ಸೆಂಡಾಕ್ 1963ರಲ್ಲಿ ತಂದ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಪುಸ್ತಕದಲ್ಲಿ ಚಿತ್ರಗಳು ಬೆಳೆಯುತ್ತಾ ಹೋಗಿ, ಮೂರು ಜೋಡಿಪುಟಗಳಲ್ಲಿ ಒಂದಕ್ಷರವೂ ಇಲ್ಲ. ಅಷ್ಟು ಧೈರ್ಯ ಪ್ರತಿ ಕಥೆಗೂ ಬೇಕಾಗದು, ಆದರೆ ಮಾತಿಲ್ಲದ ಒಂದು ಜೋಡಿಪುಟವನ್ನಾದರೂ ಪ್ರಯತ್ನಿಸಿ ನೋಡಿ.

ನಡುಮಡಿಕೆಯ ಎರಡೂ ಬದಿ ಒಂದು ಸೆಂಟಿಮೀಟರಿಗೂ ಹೆಚ್ಚು ಜಾಗದಲ್ಲಿ ಅಕ್ಷರವೂ ಮುಖವೂ ಬರಬಾರದು, ಬೈಂಡಿಂಗ್ ನುಂಗಿಬಿಡುತ್ತದೆ. ಕನ್ನಡದಲ್ಲಿ ಸಾಲುಗಳ ಅಂತರವೂ ಹೆಚ್ಚು ಬೇಕು: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗಿದರೆ ಹೊಸದಾಗಿ ಓದುವ ಮಗುವಿಗೆ ಎರಡೂ ಕಲಸಿಹೋಗುತ್ತವೆ. 16 ಪಾಯಿಂಟ್ (ಅಕ್ಷರದ ಅಳತೆಯ ಮಾನ) ಅಕ್ಷರಕ್ಕೆ 26 ಪಾಯಿಂಟ್ ಸಾಲಂತರದಿಂದ ಶುರುಮಾಡಿ.

ಕೊನೆಗೆ, ಕಥೆ ಗೊತ್ತಿಲ್ಲದವರೊಬ್ಬರಿಂದ ಮಗುವಿಗೆ ಓದಿಸಿ. ನೀವು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತು ಗುರುತು ಹಾಕಿಕೊಳ್ಳಿ: ನಾಲಿಗೆ ತೊಡರಿದ ಕಡೆ ಒಂದು ಗೆರೆ, ಓದು ಮುಗಿಯುವ ಮೊದಲೇ ಮಗು ಪುಟ ತಿರುಗಿಸಲು ಕೈ ಹಾಕಿದ ಕಡೆ ಎರಡು ಗೆರೆ. ಎರಡು ಗೆರೆ ಬಿದ್ದ ಪುಟದಿಂದಲೇ ಮುಂದಿನ ತಿದ್ದುಪಡಿ ಆರಂಭಿಸಿ.