ಗೋಪುರ ವಾಲಿದ ಮೇಲೆ ಓದಿದ ಪಾಠ

ನಾನು ನಾಲ್ಕನೇ ತರಗತಿಗೆ ಭಾಷೆ, ವಿಜ್ಞಾನ ಎರಡನ್ನೂ ಕಲಿಸುತ್ತೇನೆ. ಎರಡೂ ನನ್ನ ಕೈಯಲ್ಲೇ ಇದ್ದರೂ ತುಂಬಾ ದಿನ ಅವನ್ನು ಬೇರೆ ಬೇರೆಯಾಗಿಯೇ ನಡೆಸಿದೆ. ಭಾಷೆಯ ಪಿರಿಯಡ್‌ನಲ್ಲಿ ಓದು, ವಿಜ್ಞಾನದ ಪಿರಿಯಡ್‌ನಲ್ಲಿ ಪ್ರಯೋಗ. ಆಮೇಲೆ ಎರಡನ್ನೂ ಸೇರಿಸಿ, ಜೊತೆಗೆ ಏನಾದರೂ ಕಟ್ಟುವ ಕೆಲಸವನ್ನೂ ಇಟ್ಟು ಕಲಿಸೋಣ ಎನಿಸಿತು. ಎಂಜಿನಿಯರಿಂಗ್ ಅಂದರೆ ಇಷ್ಟು ಚಿಕ್ಕವರಿಗೆ ದೊಡ್ಡ ಮಾತು ಅನಿಸಬಹುದು. ಅವರ ಮಟ್ಟಿಗೆ ಅದು ಇಷ್ಟೇ: ಒಂದು ತೊಂದರೆ ಇದೆ, ಇಷ್ಟೇ ಸಾಮಾನು ಇದೆ, ಏನಾದರೂ ಮಾಡಿ ನೋಡು, ಸರಿಹೋಗದಿದ್ದರೆ ಬದಲಾಯಿಸು.

ಮೊದಲ ಸಲ ಸೇತುವೆ ಬಗ್ಗೆ ಒಂದು ಪಾಠ ಓದಿಸಿದೆ. ಕಷ್ಟದ ಪದಗಳನ್ನು ಬೋರ್ಡ್ ಮೇಲೆ ಬರೆದು ಅರ್ಥ ಹೇಳಿದೆ. ಆಮೇಲೆ ಹಾಳೆ, ಟೇಪ್ ಕೊಟ್ಟು ಸೇತುವೆ ಕಟ್ಟಿ ಎಂದೆ. ಆರು ಗುಂಪು, ಆರು ಸೇತುವೆ. ಆರೂ ಒಂದೇ ತರ, ಪಾಠದ ಚಿತ್ರದಲ್ಲಿದ್ದ ಹಾಗೆಯೇ. ಚೆನ್ನಾಗಿಯೇ ನಿಂತವು. ಆದರೆ "ಇಲ್ಲಿ ಯಾಕೆ ತ್ರಿಕೋನ ಇಟ್ಟಿರಿ?" ಎಂದು ಕೇಳಿದರೆ "ಚಿತ್ರದಲ್ಲಿ ಹಾಗೇ ಇದೆ" ಎಂಬ ಉತ್ತರ ಬಂತು. ಚಿತ್ರ ಸಾಕಾಗಿತ್ತು. ಓದಿದ್ದು ಅವರಿಗೆ ಯಾವುದಕ್ಕೂ ಬೇಕಾಗಿರಲಿಲ್ಲ.

ಆ ದಿನ ಸಂಜೆ ಬಹಳ ಹೊತ್ತು ಯೋಚಿಸಿದೆ. ನಾವು ದೊಡ್ಡವರು ಯಾವಾಗ ಮೈಯೆಲ್ಲ ಕಣ್ಣಾಗಿ ಓದುತ್ತೇವೆ? ಕೈಯಲ್ಲಿರುವುದು ಕೆಟ್ಟಾಗ. ಹೊಲಿಗೆ ಯಂತ್ರದ ದಾರ ಪದೇ ಪದೇ ಕಿತ್ತುಹೋದಾಗಲೇ ಅದರ ಜೊತೆ ಬಂದ ಪುಸ್ತಕ ತೆಗೆಯುವುದು, ಅಲ್ವಾ? ಹಾಗಾದರೆ ಓದು ಶುರುವಿನಲ್ಲಿ ಇರಬಾರದು. ಮೊದಲು ಕಟ್ಟುವುದು, ಅದು ಕೈಕೊಡುವುದು, ಆಮೇಲೆ ಓದುವುದು, ಮತ್ತೆ ಕಟ್ಟುವುದು. ಓದನ್ನು ಮಧ್ಯಕ್ಕೆ ತಂದೆ. ನಾನು ಬದಲಾಯಿಸಿದ್ದು ಮುಖ್ಯವಾಗಿ ಇದೊಂದನ್ನೇ.

ಇದಕ್ಕೆ ಇಟಲಿಯ ಪೀಸಾದ ವಾಲಿದ ಗೋಪುರವನ್ನು ಆರಿಸಿಕೊಂಡೆ. ಪ್ರತಿ ಗುಂಪಿಗೂ ಒಂದು ಟ್ರೇ ತುಂಬ ಮರಳು. ಒಂದು ಪಕ್ಕದಲ್ಲಿ ಮರಳನ್ನು ಚೆನ್ನಾಗಿ ಒತ್ತಿ ಗಟ್ಟಿ ಮಾಡಿದ್ದೆ. ಇನ್ನೊಂದು ಪಕ್ಕದಲ್ಲಿ ಕೆಳಗೆ ಸ್ಪಂಜು ಇಟ್ಟು ಮೇಲೆ ಮರಳು ಹರಡಿದ್ದೆ. ಮಕ್ಕಳಿಗೆ ಇದು ಗೊತ್ತಿಲ್ಲ. ತಳ ಮುಚ್ಚಿದ ರಟ್ಟಿನ ಕೊಳವೆಯನ್ನು ಟ್ರೇ ನಡುವೆ ನಿಲ್ಲಿಸಿ, ಒಳಗೆ ಒಂದೊಂದೇ ಕಲ್ಲು ಹಾಕುತ್ತಾ ಹೋಗಬೇಕು. ಗೋಪುರಕ್ಕೆ ಒಂದೊಂದು ಅಂತಸ್ತು ಏರಿದ ಹಾಗೆ. ನಾಲ್ಕೈದು ಕಲ್ಲು ಬಿದ್ದ ಮೇಲೆ ಎಲ್ಲರ ಗೋಪುರವೂ ಒಂದೇ ಕಡೆಗೆ ವಾಲತೊಡಗಿತು. "ನೀನು ತಳ್ಳಿದೆ", "ಇಲ್ಲ, ನೀನೇ ಟೇಬಲ್ ಅಲ್ಲಾಡಿಸಿದೆ" ಎಂದು ಗಲಾಟೆ ಶುರುವಾಯಿತು. ಆಗ ಒಂದೊಂದು ಹಾಳೆ ಹಂಚಿದೆ.

ಹಾಳೆಯಲ್ಲಿ ಇದ್ದದ್ದು ನಾನೇ ಬರೆದ ಪಾಠ. 1173ರಲ್ಲಿ ಕಟ್ಟಲು ಶುರು ಮಾಡಿದರು. ಸುಮಾರು 56 ಮೀಟರ್ ಎತ್ತರದ ಗೋಪುರಕ್ಕೆ ಅಡಿಪಾಯ ಬರೀ 3 ಮೀಟರ್ ಆಳ. ದಕ್ಷಿಣದ ಕಡೆ ಕೆಳಗಿನ ಮಣ್ಣು ಹೆಚ್ಚು ಮೆತ್ತಗೆ. ಮೂರನೇ ಅಂತಸ್ತಿಗೆ ಬರುವಾಗಲೇ ವಾಲತೊಡಗಿತು. ಯುದ್ಧಗಳಿಂದಾಗಿ ಸುಮಾರು ನೂರು ವರ್ಷ ಕೆಲಸ ನಿಂತಿತು. ಆ ನೂರು ವರ್ಷದಲ್ಲಿ ಕೆಳಗಿನ ಮಣ್ಣು ಭಾರಕ್ಕೆ ಒತ್ತಿ ಒತ್ತಿ ಗಟ್ಟಿಯಾಯಿತು. ಒಂದೇ ಸಮನೆ ಕಟ್ಟಿದ್ದರೆ ಉರುಳಿಬಿಡುತ್ತಿತ್ತು. ಮತ್ತೆ ಕಟ್ಟುವಾಗ ಮೇಲಿನ ಅಂತಸ್ತುಗಳನ್ನು ವಾಲಿದ ಕಡೆ ಸ್ವಲ್ಪ ಎತ್ತರ ಮಾಡಿದರು. ಭಾರ ಜಾಸ್ತಿಯಾಯಿತು, ಗೋಪುರ ಇನ್ನೂ ವಾಲಿತು. ಅಲ್ಲಿಗೆ ಹಾಳೆ ಮುಗಿಯುತ್ತದೆ. ಸರಿ ಮಾಡಿದ್ದು ಹೇಗೆ ಎಂಬುದು ಎರಡನೇ ಹಾಳೆಯಲ್ಲಿದೆ. ಅದು ನನ್ನ ಬ್ಯಾಗಿನಲ್ಲೇ ಇತ್ತು.

ತರಗತಿ ತಣ್ಣಗಾಯಿತು. ಗಟ್ಟಿಯಾಗಿ ಓದಿ ಎಂದು ನಾನು ಹೇಳಿರಲಿಲ್ಲ. ಆದರೂ ಗುಂಪಿಗೊಬ್ಬರು ಓದುತ್ತಿದ್ದರು, ಉಳಿದವರು ತಲೆ ಬಗ್ಗಿಸಿ ಕೇಳುತ್ತಿದ್ದರು. ಓದಲು ಹೇಳಿದರೆ ಯಾವಾಗಲೂ ಹಿಂದೆ ಸರಿಯುವ ಒಬ್ಬ ಹುಡುಗಿ ಇದ್ದಾಳೆ. ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದಳು: "ದ-ಕ್ಷಿ-ಣದ ಕಡೆ ಮಣ್ಣು ಮೆತ್ತಗೆ." ಬೆರಳು ಆ ಸಾಲಿನ ಮೇಲೆಯೇ ಇತ್ತು. ಇನ್ನೊಂದು ಕೈಯಿಂದ ಟ್ರೇಯ ಮರಳನ್ನು ಒತ್ತಿ ನೋಡಿದಳು. ಈ ಪಕ್ಕ ಗಟ್ಟಿ, ಆ ಪಕ್ಕ ಬೆರಳು ಒಳಗೆ ಇಳಿಯಿತು. "ಮಿಸ್, ಇದರ ಕೆಳಗೆ ಏನೋ ಇದೆ!" ಎಂದು ಕೂಗಿದಳು. ಅವಳು ಓದಿ ಇಷ್ಟು ಖುಷಿಪಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅಡಿಪಾಯ" ಎಂಬ ಪದದ ಅರ್ಥವನ್ನು ಅವತ್ತು ಯಾರೂ ಕೇಳಲಿಲ್ಲ. ಅದು ಅವರ ಕಣ್ಣೆದುರೇ ಮರಳಿನಲ್ಲಿ ಹೂತುಹೋಗುತ್ತಿತ್ತು.

ಮರುದಿನ ಸರಿ ಮಾಡುವ ಕೆಲಸ. ಕಲ್ಲು ಹೊರಗೆ ತೆಗೆಯುವ ಹಾಗಿಲ್ಲ, ಸ್ಪಂಜು ಮುಟ್ಟುವ ಹಾಗಿಲ್ಲ. ಒಂದು ಗುಂಪು ಬುಡದ ಮೇಲೆದ್ದ ಪಕ್ಕಕ್ಕೆ ರಟ್ಟಿನ ಪಟ್ಟಿ ಸಿಕ್ಕಿಸಿ ಅದರ ಮೇಲೆ ಕಲ್ಲು ಹೇರಿತು. ಇನ್ನೊಂದು ಗುಂಪು ಬುಡದ ಸುತ್ತ ಅಗೆಯಿತು, ಗೋಪುರ ಇನ್ನೂ ಬಾಗಿತು. ಕೊನೆಯ ಬೆಂಚಿನ ಹುಡುಗನೊಬ್ಬ ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಆ ಕಡೆ ಕುಸಿದಿದೆ. ಈ ಕಡೆಯೂ ಕುಸಿದರೆ?" ಎಂದ. ಚಮಚ ತೆಗೆದುಕೊಂಡು ಎತ್ತರದಲ್ಲಿದ್ದ ಪಕ್ಕದ ಕೆಳಗಿಂದ ಮರಳನ್ನು ಚೂರು ಚೂರೇ ತೆಗೆದ. ಕೊಳವೆ ಮೆಲ್ಲಗೆ ಹಿಂದಕ್ಕೆ ಬಂತು.

ಆಗ ಎರಡನೇ ಹಾಳೆ ಕೊಟ್ಟೆ. 1838ರಲ್ಲಿ, ಹೂತುಹೋದ ಬುಡ ಕಾಣಲಿ ಎಂದು ಗೋಪುರದ ಸುತ್ತ ಅಗೆದರು. ನೀರು ನುಗ್ಗಿ ಗೋಪುರ ಇನ್ನಷ್ಟು ವಾಲಿತು. ಅಗೆದ ಗುಂಪು ಇದನ್ನು ಓದಿ "ನಮ್ಮ ತರಾನೇ!" ಎಂದಿತು. 1990ರಲ್ಲಿ ಜನರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದರು. ಮೊದಲು ಉತ್ತರದ ಬುಡದ ಮೇಲೆ ಸೀಸದ ಗಟ್ಟಿಗಳನ್ನು ಹೇರಿದರು. ಆಮೇಲೆ ಉತ್ತರದ ಕಡೆಯ ಕೆಳಗಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದರು. 2001ರ ಕೊನೆಯಲ್ಲಿ ಗೋಪುರವನ್ನು ಮತ್ತೆ ತೆರೆದರು. ಈ ಸಾಲುಗಳನ್ನು ಆ ಹುಡುಗ ಎರಡು ಸಲ ಓದಿದ. ಮೂರನೇ ಸಲ ಪಕ್ಕದವನ ಕೈಲಿ ಓದಿಸಿದ.

ವಿಜ್ಞಾನ ಎಲ್ಲಿ ಬಂತು ಎಂದು ಕೇಳಬಹುದು. ಒಂದು ಗುಂಪು ಹೊಸ ಟ್ರೇಯಲ್ಲಿ ಕೊಳವೆಯ ಕೆಳಗೆ ಅಗಲವಾದ ರಟ್ಟು ಇಟ್ಟು ಕಟ್ಟಿತು. ಅಷ್ಟೇ ಕಲ್ಲು, ಅದೇ ಮರಳು, ಆದರೆ ಕುಸಿದದ್ದು ಕಡಿಮೆ. ಭಾರ ಅಷ್ಟೇ ಇದ್ದರೂ ಜಾಗ ಅಗಲವಾದರೆ ಒಂದೊಂದು ಚೂರು ಮರಳಿನ ಮೇಲೆ ಬೀಳುವ ಪಾಲು ಕಡಿಮೆ. ಇದನ್ನು ಅವರು ತಮ್ಮ ಮಾತಿನಲ್ಲಿ ಹೇಳಿದ ಮೇಲೆ "ಒತ್ತಡ" ಎಂಬ ಪದ ಕೊಟ್ಟೆ.

ಪಾಠ ಬರೆಯುವ ಬಗ್ಗೆ ಒಂದು ಮಾತು. ಮಕ್ಕಳಿಗೆಂದು ಸಿಗುವ ವಿಜ್ಞಾನದ ಬರಹಗಳಲ್ಲಿ ಗೆದ್ದ ಕತೆಯೇ ಜಾಸ್ತಿ. ಇಂಥವರು ಇಂಥದ್ದನ್ನು ಕಂಡುಹಿಡಿದರು, ಮುಗಿಯಿತು. ನನಗೆ ಬೇಕಾದದ್ದು ಎಡವಿದ ಜಾಗ. ಸಿಗದಿದ್ದರೆ ನಾನೇ ಬರೆಯುತ್ತೇನೆ. ಮೊದಲ ಕರಡಿನಲ್ಲಿ ತುಂಬಾ ಇಸವಿ ತುಂಬಿದ್ದೆ. ಮಕ್ಕಳು ಅದನ್ನು ಇತಿಹಾಸದ ಪಟ್ಟಿಯ ಹಾಗೆ ಓದುತ್ತಾರೆ ಎನಿಸಿ ನಾಲ್ಕನ್ನು ಮಾತ್ರ ಉಳಿಸಿದೆ. ಚಿತ್ರವನ್ನೂ ಮೊದಲ ಹಾಳೆಯಲ್ಲಿ ಹಾಕಲಿಲ್ಲ. ಸೇತುವೆಯ ಪಾಠ ನೆನಪಿತ್ತು.

ಮುಂದೆ ಕಾಗದದ ವಿಮಾನಕ್ಕೂ ಹೀಗೆಯೇ ಮಾಡಿದೆ. ವಿಮಾನ ಮೂಗು ಕೆಳಗೆ ಮಾಡಿ ಬಿದ್ದ ಮೇಲೆ ರೈಟ್ ಸಹೋದರರ ಬಗ್ಗೆ ಓದು. 1901ರಲ್ಲಿ ಅವರ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ಲೆಕ್ಕದಲ್ಲಿದ್ದಷ್ಟು ಮೇಲೇಳಲಿಲ್ಲ. ಆಗ ಗಾಳಿ ಹಾಯಿಸುವ ಪೆಟ್ಟಿಗೆ ಮಾಡಿ, ಸುಮಾರು 200 ಬಗೆಯ ರೆಕ್ಕೆಯ ಮಾದರಿಗಳನ್ನು ಪರೀಕ್ಷಿಸಿದರು. 1903ರಲ್ಲಿ ಎಂಜಿನ್ ಇಟ್ಟ ವಿಮಾನದ ಮೊದಲ ಹಾರಾಟ, 12 ಸೆಕೆಂಡು. ಇದನ್ನು ಓದಿದ ಮೇಲೆ ಮಕ್ಕಳು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಲು ಒಪ್ಪಿದರು. ಅದಕ್ಕೆ ಮೊದಲು ರೆಕ್ಕೆ, ಮೂಗು, ಬಾಲ ಎಲ್ಲವನ್ನೂ ಒಟ್ಟಿಗೆ ಮಡಿಸಿ, ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗದೆ ಒದ್ದಾಡುತ್ತಿದ್ದರು.

ವಿಮಾನದ ಕೊನೆಗೆ ಇಟ್ಟ ಕೆಲಸ ಈಗ ನನಗೆ ಎಲ್ಲಕ್ಕಿಂತ ಇಷ್ಟ. ಪ್ರತಿ ಗುಂಪೂ ತನ್ನ ವಿಮಾನ ಮಾಡುವ ವಿಧಾನವನ್ನು ಬರೆಯಬೇಕು. ಇನ್ನೊಂದು ಗುಂಪು ಅದನ್ನು ಓದಿಯೇ ಮಾಡಬೇಕು. ಬರೆದವರು ಬಾಯಿ ಬಿಡುವ ಹಾಗಿಲ್ಲ. ಒಂದು ಗುಂಪು "ಮಡಿಕೆಯಿಂದ ಸ್ವಲ್ಪ ದೂರ ಟೇಪ್ ಅಂಟಿಸಿ" ಎಂದು ಬರೆದಿತ್ತು. ಓದಿದವರು ತುದಿಯಲ್ಲಿ ಅಂಟಿಸಿದರು. ವಿಮಾನ ಸುತ್ತು ಹಾಕಿ ಬಿತ್ತು. "ಸ್ವಲ್ಪ ಅಂದ್ರೆ ಎಷ್ಟು?" ಎಂದು ಓದಿದವರಿಗೆ ಸಿಟ್ಟು, ಹೇಳಲಾಗದೆ ಬರೆದವರಿಗೆ ಸಂಕಟ. ಹಾಳೆ ವಾಪಸ್ ಹೋಯಿತು. "ಎರಡು ಬೆರಳು ದೂರ" ಎಂದು ತಿದ್ದಿ ಕಳಿಸಿದರು. ಯಾರ ಬೆರಳು ಎಂಬ ಪ್ರಶ್ನೆ ಬಂತು. ಹಾಳೆ ಮತ್ತೆ ಹೋಯಿತು. ಮೂರನೇ ಸಲ ಬಂದಾಗ ಅದರಲ್ಲಿ ಹೀಗೆ ಬರೆದಿತ್ತು: "ಮಡಿಕೆಯಿಂದ ಈ ಗೆರೆಯಷ್ಟು ದೂರ ಅಂಟಿಸಿ." ಕೆಳಗೆ ಸ್ಕೇಲ್ ಇಟ್ಟು ಎಳೆದ ಒಂದು ಗೆರೆ, ಅದರ ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ "3 ಸೆಂ.ಮೀ."