ಅರ್ಧ ಮನೆ ಇಳಿಸಿ ಹಾಡಿದ ಕಛೇರಿ

ಈ ರಾಮೋತ್ಸವಕ್ಕೆ ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಒಂದೂಕಾಲು ಗಂಟೆ ಹಾಡಿದೆ. ಶ್ರುತಿ, ಅಂದರೆ ಹಾಡಿನ ಆಧಾರ ಸ್ವರ, ಹಾರ್ಮೋನಿಯಂ ಕೀಗಳ ಲೆಕ್ಕದಲ್ಲಿ ಐದು ಮನೆ. ಮೊದಲಿನ ಐದೂವರೆಯಿಂದ ಇಳಿಸುತ್ತೇನೆ ಅಂದಾಗ ಜೊತೆಗೆ ಕಲಿಯುವವರೆಲ್ಲ ಬೇಡ ಅಂದಿದ್ದರು. ‘ಶಾರೀರ ಮಂಕಾಗುತ್ತೆ ಕಣೇ, ಹೆಂಗಸರಿಗೆ ಐದೂವರೆಯೇ ಚೆಂದ.’ ಟೀಚರಿಗೂ ಅಷ್ಟಾಗಿ ಮನಸ್ಸಿರಲಿಲ್ಲ.

ಎರಡು ವರ್ಷದ ಹಿಂದೆ ಅದೇ ವೇದಿಕೆಯಲ್ಲಿ ಐದೂವರೆಗೆ ಹಾಡಿ ಸೋತಿದ್ದೆ. ಒಂದು ಗಂಟೆಗೆ ಒಂಬತ್ತು ಕೃತಿ ಜೋಡಿಸಿಕೊಂಡಿದ್ದೆ. ಶುರುವಿನ ವರ್ಣ ಮುಗಿಯುವಷ್ಟರಲ್ಲಿ ಬಾಯಿ ಒಣಗಿತ್ತು. ಖರಹರಪ್ರಿಯ ರಾಗದ ಆಲಾಪನೆಯಲ್ಲಿ ತಾರ ಪಂಚಮ (ಮೇಲಿನ ಸ್ಥಾಯಿಯ ‘ಪ’) ಮುಟ್ಟಲು ಹೋಗಿ ಗಂಟಲು ಒಡೆಯಿತು. ಆಮೇಲೆ ಅದೇ ರಾಗದ ತ್ಯಾಗರಾಜರ ಕೃತಿ ‘ಪಕ್ಕಲ ನಿಲಬಡಿ’ಗೆ ಸ್ವರ ಹಾಕುವಾಗ ಎತ್ತುಗಡೆ, ಅಂದರೆ ತಾಳದಲ್ಲಿ ಸಾಹಿತ್ಯವನ್ನು ಮತ್ತೆ ಹಿಡಿಯಬೇಕಾದ ಜಾಗ, ತಪ್ಪಿತು. ಒಂದಲ್ಲ, ಮೂರು ಸಲ. ಮೃದಂಗದವರು ಪುಣ್ಯಾತ್ಮರು, ಸರ್ವಲಘು (ಸರಳ ನಡೆ) ನುಡಿಸುತ್ತಾ ನಾನು ಬರುವವರೆಗೂ ಕಾದರು. ಪಕ್ಕವಾದ್ಯದ ಇಬ್ಬರಿಗೂ ಸೇರಿ ಸುಮಾರು 3,500 ಕೊಟ್ಟು, ಅಳುತ್ತಾ ಮನೆಗೆ ಬಂದೆ.

ಈ ಸಲ ಐದೇ ಕೃತಿ. ಸೀತೆ, ಲಕ್ಷ್ಮಣ ರಾಮನ ಎರಡು ಪಕ್ಕ ನಿಂತ ಹಾಡನ್ನು ರಾಮೋತ್ಸವದಲ್ಲಿ ಬಿಡುವುದು ಹೇಗೆ? ‘ಪಕ್ಕಲ’ವನ್ನೇ ಮತ್ತೆ ಮುಖ್ಯ ಕೃತಿಯಾಗಿ ಇಟ್ಟುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಇಡೀ ಕಛೇರಿ ಹಾಡಿದೆ. ಚಾಪೆ ಮೇಲೆ ಕೂತು, ಫ್ಯಾನ್ ಹಾಕದೆ, ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ. ತಪ್ಪಾದರೂ ಹಿಂದಕ್ಕೆ ಹೋಗುವ ಹಾಗಿಲ್ಲ. ಮೊದಲೆರಡು ವಾರ 40 ನಿಮಿಷಕ್ಕೇ ಕಾಲು ಜೋಮು ಹಿಡಿಯಿತು. ಹಾಡುವುದರ ಜೊತೆ ಕೂರುವುದನ್ನೂ ಕಲಿಯಬೇಕು, ಅದನ್ನು ಯಾರೂ ಹೇಳಿಕೊಡಲ್ಲ.

ಶಾರೀರ ಮಂಕಾಗುತ್ತೆ ಅನ್ನುವುದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಲಿನ ಸಂಚಾರ ಹಗುರಾಯಿತು, ಆದರೆ ಮಂದ್ರ ಪಂಚಮದಲ್ಲಿ (ಕೆಳಗಿನ ಸ್ಥಾಯಿಯ ‘ಪ’) ಬರೀ ಗಾಳಿ. ಅದಕ್ಕೆ ಬೆಳಗ್ಗೆ ಐದೂವರೆಗೆ ಎದ್ದು 20 ನಿಮಿಷ ಮಂದ್ರ ಸಾಧನೆ. ಐದಾರು ವಾರಕ್ಕೆ ದನಿ ತುಂಬಿತು.

ಎತ್ತುಗಡೆಗೆ ಒಂದು ಪ್ರಯೋಗ ಮಾಡಿದೆ. ಪಾರ್ಕಿನಲ್ಲಿ ಹೆಜ್ಜೆಗೊಂದು ಅಕ್ಷರದಂತೆ ‘ತಕಿಟ ತಕಧಿಮಿ’ ನಡೆದೆ. ‘ಪಕ್ಕಲ’ದ ತಾಳ ಮಿಶ್ರಛಾಪು, ಸುತ್ತಿಗೆ ಏಳು ಅಕ್ಷರ. ಏಳು ಬೆಸ ಅಲ್ವಾ, ತಾಳದ ಒಂದು ಆವರ್ತ ಬಲಗಾಲಿಗೆ ಶುರುವಾದರೆ ಮುಂದಿನದು ಎಡಗಾಲಿಗೆ. ಲೆಕ್ಕ ತಪ್ಪಿದರೆ ಕಾಲೇ ಹೇಳುತ್ತದೆ. ಇದನ್ನೇ ಚಪಾತಿ ಲಟ್ಟಿಸುವಾಗಲೂ ನೋಡಿದೆ, ಆಗಲಿಲ್ಲ. ಕೈಗೆ ಅದರದೇ ನಡೆ ಇರುತ್ತದೆ.

ದುಡ್ಡು ಜಾಸ್ತಿ ಹೋಗಿದ್ದು ರಿಹರ್ಸಲ್‌ಗೆ. ಮೃದಂಗದವರು ಮೂರು ಸಲ ಬಂದರು, ಪಿಟೀಲಿನವರು ಒಮ್ಮೆ, ಸಲಕ್ಕೆ 700. ಕಛೇರಿಗೆ ತಲಾ 2,000. ಹತ್ತಿರ ಹತ್ತಿರ ಏಳು ಸಾವಿರ. ದೇವಸ್ಥಾನದವರು ಫಲತಾಂಬೂಲದ ಜೊತೆ 500 ಕೊಟ್ಟರು. ಹೊಸ ಸೀರೆಯ ದುಡ್ಡೆಲ್ಲ ಮೃದಂಗಕ್ಕೆ ಹೋಯಿತು, ಬೇಸರವಿಲ್ಲ. ಅಂದಹಾಗೆ, ಶ್ರುತಿ ಇಳಿಸಿದ್ದನ್ನು ಮೃದಂಗದವರಿಗೆ ಮೊದಲೇ ಹೇಳಿ. ಬೇರೆ ಮೃದಂಗ ತರಬೇಕಾಗಬಹುದು.

ಅವತ್ತು ಸೆಖೆ ಅಂದರೆ ಸೆಖೆ. ಎರಡನೇ ಕೃತಿ ಆದಮೇಲೆ ಐಸ್ ಹಾಕಿದ ಪಾನಕ ತಂದರು. ಕೈ ಮುಗಿದು ಬೇಡ ಅಂದೆ. ಫ್ಲಾಸ್ಕಿನಲ್ಲಿ ಬಿಸಿನೀರಿತ್ತು, ಅದಕ್ಕೆ ಹಾಕಿದ್ದೇನು ಅನ್ನುವುದು ಮಾತ್ರ ನಮ್ಮನೆ ಗುಟ್ಟು.

ಒಂದೇ ಸಾಲನ್ನು ಬೇರೆಬೇರೆ ರೀತಿ ವಿಸ್ತರಿಸುವ ನೆರವಲ್ ನಡುವೆ ಮಂಗಳಾರತಿ ಗಂಟೆ ಶುರುವಾಯಿತು. ಪಿಟೀಲು ಕೇಳಲಿಲ್ಲ, ನನ್ನ ದನಿಯೂ ನನಗೆ ಕೇಳಲಿಲ್ಲ. ಕೈ ತಾಳ ಹಾಕುತ್ತಲೇ ಇತ್ತು. ಪಂಚೆಯ ಕೆಳಗೆ ಮೃದಂಗದವರ ಕಾಲಿನ ಹೆಬ್ಬೆರಳು ತಾಳಕ್ಕೆ ಆಡುವುದು ಕಾಣುತ್ತಿತ್ತು, ಅದನ್ನೇ ನೋಡುತ್ತಾ ಹಾಡಿದೆ. ಗಂಟೆ ನಿಂತಾಗ ಮೂವರೂ ಒಂದೇ ಅಕ್ಷರದಲ್ಲಿದ್ದೆವು. ಸ್ವರದಲ್ಲಿ ಒಂದು ಎತ್ತುಗಡೆಯೂ ತಪ್ಪಲಿಲ್ಲ. ಕೊನೆಯ ಮುಕ್ತಾಯ ನಾನೇ ಕಟ್ಟಿದ್ದು, ಅದರ ಲೆಕ್ಕ ಇಲ್ಲಿ ಬರೆಯಲ್ಲ. ತಾರ ಪಂಚಮ? ಎರಡು ಸಲ ನಿಲ್ಲಿಸಿದೆ, ಚೆನ್ನಾಗಿಯೇ ನಿಂತಿತು.

ಬೇಡ ಅಂದವರಲ್ಲಿ ಇಬ್ಬರು ಈಗ ಐದಕ್ಕೆ ಹಾಡಿ ನೋಡುತ್ತಿದ್ದಾರೆ. ನನಗೆ ಗಣೇಶನ ಹಬ್ಬಕ್ಕೆ ಹಾಡಲು ಕರೆ ಬಂದಿದೆ, ಒಂದೂವರೆ ಗಂಟೆ. ಪಾರ್ಕಿನಲ್ಲಿ ಈಗ ಐದು ಅಕ್ಷರದ ಖಂಡಛಾಪು ನಡೆಯುತ್ತಿದ್ದೇನೆ.