ಬೆಂಬಲ ಅಳೆಯಲು ಹೋದ ಕಥೆ

ಬಡತನ ಜಾಸ್ತಿ ಇದ್ದಲ್ಲಿ ಭಯೋತ್ಪಾದನೆಗೆ ಬೆಂಬಲವೂ ಜಾಸ್ತಿ ಎಂದೇ ನಾನು ನಂಬಿದ್ದೆ. ಸಮೀಕ್ಷೆಯ ಡೇಟಾ ಕೈಗೆ ಸಿಕ್ಕಿದಾಗ ಒಂದು ಕಡೆ ಆದಾಯ, ಇನ್ನೊಂದು ಕಡೆ 'ದಾಳಿಗಳನ್ನು ಬೆಂಬಲಿಸುತ್ತೀರಾ' ಎಂಬ ಪ್ರಶ್ನೆಯ ಉತ್ತರ ಇಟ್ಟು ರಿಗ್ರೆಷನ್ (ಎರಡರ ನಡುವೆ ಸಂಬಂಧ ಇದೆಯೇ ಎಂದು ಅಳೆಯುವ ಲೆಕ್ಕ) ಓಡಿಸಿದೆ. ಸಂಬಂಧವೇ ಕಾಣಲಿಲ್ಲ. ಕೋಡ್‌ನಲ್ಲಿ ತಪ್ಪಿರಬೇಕು ಅಂತ ಎರಡು ದಿನ ಹುಡುಕಿದೆ.

ಕೋಡ್ ಸರಿಯಾಗಿಯೇ ಇತ್ತು. ನಾನು ಓದಿಕೊಂಡದ್ದು ಸಾಲದಾಗಿತ್ತು, ಅಷ್ಟೇ. ಆಲನ್ ಕ್ರೂಗರ್ ಮತ್ತು ಜಿತ್ಕಾ ಮಲೆಚ್ಕೋವಾ ಎಂಬ ಸಂಶೋಧಕರು 2003ರಲ್ಲೇ ಇದನ್ನು ಬರೆದಿದ್ದರು. 2001ರ ಡಿಸೆಂಬರ್‌ನಲ್ಲಿ ಪಶ್ಚಿಮ ದಂಡೆ ಮತ್ತು ಗಾಜಾದಲ್ಲಿ 1,357 ಪ್ಯಾಲೆಸ್ಟೀನಿಯರನ್ನು ಮಾತಾಡಿಸಿದ ಸಮೀಕ್ಷೆಯಲ್ಲಿ, ಓದು ಹೆಚ್ಚಿದ್ದವರಲ್ಲಿ ಇಸ್ರೇಲ್ ಮೇಲಿನ ದಾಳಿಗಳಿಗೆ ಬೆಂಬಲ ಕಡಿಮೆ ಇರಲಿಲ್ಲ. ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾದ ಸತ್ತ 129 ಹೋರಾಟಗಾರರ ವಿವರಗಳನ್ನೂ ಅವರು ನೋಡಿದ್ದರು. ಅವರಲ್ಲಿ ಬಡವರು ಶೇ. 28, ಲೆಬನಾನಿನ ಸಾಮಾನ್ಯ ಜನರಲ್ಲಿ ಶೇ. 33.

ಆದರೆ ಹೋರಾಟಗಾರ ಬೇರೆ, ಬೆಂಬಲಿಗ ಬೇರೆ ಅಲ್ವಾ? ಬಂದೂಕು ಹಿಡಿಯುವವನು ದುಡಿಮೆ ಬಿಟ್ಟು ಹೋಗಬೇಕು, ಸಂಘಟನೆಯೂ ತನಗೆ ಬೇಕಾದವನನ್ನೇ ಆರಿಸಿಕೊಳ್ಳುತ್ತದೆ. ಬೆಂಬಲಿಸುವವನು ಒಂದು ದಿನದ ಕೂಲಿಯನ್ನೂ ಕಳೆದುಕೊಳ್ಳಬೇಕಾಗಿಲ್ಲ. ಹಾಗಾಗಿ 'ಕಳೆದುಕೊಳ್ಳಲು ಏನೂ ಇಲ್ಲದ ಬಡವನೇ ಹಿಂಸೆಯತ್ತ ಹೋಗುತ್ತಾನೆ' ಎಂಬ ಲೆಕ್ಕ ಬೆಂಬಲದ ವಿಷಯದಲ್ಲಿ ನಿಲ್ಲುವುದೇ ಇಲ್ಲ. ಕೇಳಬೇಕಾದ್ದು ಹಿಂಸೆಯ ಪೆಟ್ಟು ಯಾರಿಗೆ ಬೀಳುತ್ತದೆ ಅಂತ. ಪಾಕಿಸ್ತಾನದಲ್ಲಿ 6,000 ಜನರ ಒಂದು ಸಮೀಕ್ಷೆ 2009ರಲ್ಲಿ ನಡೆಯಿತು. ಅಲ್ಲಿ ಉಗ್ರ ಸಂಘಟನೆಗಳನ್ನು ಹೆಚ್ಚು ದ್ವೇಷಿಸಿದವರು ಬಡವರೇ, ಅದರಲ್ಲೂ ನಗರಗಳ ಬಡವರು.

ಆ ಸಮೀಕ್ಷೆಯವರು ನೇರವಾಗಿ ಕೇಳಿರಲಿಲ್ಲ. ಪೋಲಿಯೊ ಲಸಿಕೆಯಂಥ ಯೋಜನೆಯ ಬಗ್ಗೆ ಒಂದು ಗುಂಪಿಗೆ ಸುಮ್ನೆ ಅಭಿಪ್ರಾಯ ಕೇಳಿದರು. ಇನ್ನೊಂದು ಗುಂಪಿಗೆ, ಇಂಥ ಉಗ್ರ ಸಂಘಟನೆಯೂ ಇದನ್ನು ಬೆಂಬಲಿಸುತ್ತದೆ ಎಂದು ಹೇಳಿ ಕೇಳಿದರು. ಎರಡರ ವ್ಯತ್ಯಾಸವೇ ಸಂಘಟನೆಯ ಮೇಲಿನ ಒಲವಿನ ಅಳತೆ. ನನ್ನ ಡೇಟಾದಲ್ಲಿ ನೇರ ಪ್ರಶ್ನೆಗೆ 'ಗೊತ್ತಿಲ್ಲ' ಎಂದವರೇ ರಾಶಿ ಇದ್ದರು. ಅವರನ್ನೆಲ್ಲ ನಾನು ಸಾರಾಸಗಟಾಗಿ ತೆಗೆದುಹಾಕಿದ್ದೆ. ಭಯದಿಂದ ಬಾಯಿ ಬಿಡದವರೂ ಅದರಲ್ಲೇ ಹೋಗಿದ್ದರು.

ಮುಂದಿನ ಸಲ ಪಟ್ಟಿಯ ಪ್ರಯೋಗ ಮಾಡಿದೆ. ಅರ್ಧ ಜನರಿಗೆ ನಾಲ್ಕು ಹೇಳಿಕೆ, ಉಳಿದವರಿಗೆ ಅವೇ ನಾಲ್ಕರ ಜೊತೆ ದಾಳಿಗಳನ್ನು ಬೆಂಬಲಿಸುವ, ಸೂಕ್ಷ್ಮವಾದ ಐದನೆಯದು. ಯಾವುದನ್ನು ಒಪ್ಪುತ್ತೀರಿ ಅಂತ ಹೇಳಬೇಡಿ, ಎಷ್ಟನ್ನು ಅಂತ ಮಾತ್ರ ಹೇಳಿ. ಎರಡು ಸರಾಸರಿಗಳ ಅಂತರದಿಂದ ಬೆಂಬಲದ ಪ್ರಮಾಣ ಸಿಗುತ್ತದೆ, ಯಾರೊಬ್ಬರ ಗುಟ್ಟೂ ಹೊರಬೀಳುವುದಿಲ್ಲ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಮೊದಲ ನಾಲ್ಕೂ ಎಲ್ಲರೂ ಒಪ್ಪುವ ಮಾತುಗಳೇ ಆಗಿಬಿಟ್ಟಿದ್ದವು. 'ಐದು' ಎಂದವನು ಸಿಕ್ಕಿಬಿದ್ದಂತೆಯೇ! ಆ ನಾಲ್ಕರಲ್ಲಿ ಎರಡನ್ನು ತೆಗೆದು, ಹೆಚ್ಚಿನವರು ಒಪ್ಪದ ಎರಡನ್ನು ಅವುಗಳ ಜಾಗಕ್ಕೆ ಹಾಕಿದೆ.

ಪ್ರಾಯೋಗಿಕ ಸುತ್ತು ಮುಗಿಸಿ ಬಂದ ಸಮೀಕ್ಷಕಿಯೊಬ್ಬರು ಹೇಳಿದರು, "ಸರ್, ನಾನು ಒಂದೊಂದೇ ಓದ್ತಾ ಹೋದ ಹಾಗೆ ಅವರು ಒಂದೊಂದು ಬೆರಳು ಮಡಚ್ತಾರೆ. ಯಾವುದಕ್ಕೆ ಮಡಚಿದ್ರು ಅಂತ ನಂಗೆ ಕಾಣುತ್ತೆ." ಅಂದಿನಿಂದ ಓದಿ ಹೇಳುವುದನ್ನು ಬಿಟ್ಟು ಪಟ್ಟಿಯ ಚೀಟಿಯನ್ನೇ ಕೈಗೆ ಕೊಟ್ಟು, ಸಮೀಕ್ಷಕರು ಬೇರೆ ಕಡೆ ತಿರುಗಿ ನಿಲ್ಲುವ ಹಾಗೆ ಮಾಡಿದೆವು. ಓದು ಬಾರದವರಿಗೆ ಏನು ಮಾಡುವುದು ಎಂಬುದು ಇನ್ನೂ ತಲೆನೋವಾಗಿಯೇ ಇದೆ.